ಅಜ್ಜಿಯ ತೆರ, ನನ್ನ ಡಿಗ್ರಿ

(ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನನ್ನನ್ನು ಕರೆದದ್ದು ಕಾನೂನು ಹೇಳಲು. ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಮನೆಯ ಒಂದು ಮಾತು.

ನಮ್ಮಜ್ಜಿಯ ಮದುವೆಗೆ ಗಂಡಿನ ಕಡೆಯವರು ತೆರ ಕೊಟ್ಟಿದ್ದರು. ಹನ್ನೆರಡು ರೂಪಾಯಿ, ಒಂದು ಸೀರೆ. ಹಳೇ ಮೈಸೂರಿನ ದುಡಿಯುವ ಜಾತಿಗಳಲ್ಲಿ ಅನೇಕ ಕಡೆ ಅದೇ ರೂಢಿ. ಹೆಣ್ಣು ನಾಟಿ ಹಾಕುತ್ತಾಳೆ, ಕಳೆ ಕೀಳುತ್ತಾಳೆ, ದನ ನೋಡುತ್ತಾಳೆ. ಆ ದುಡಿಮೆ ಇನ್ನೊಂದು ಮನೆಗೆ ಹೋಗುತ್ತದೆ, ಕರೆದುಕೊಂಡು ಹೋಗುವವರು ಕೊಡಬೇಕು. ಲೆಕ್ಕ ಅಷ್ಟೇ.

ಶಾಲೆಯಲ್ಲಿ ನಮ್ಮ ಮೇಷ್ಟ್ರು, ತೆರ ತೆಗೆದುಕೊಳ್ಳುವುದು ಹೆಣ್ಣನ್ನು ಮಾರಿದ ಹಾಗೆ, ತಿಳಿವಳಿಕೆ ಇಲ್ಲದವರ ಪದ್ಧತಿ ಎಂದರು. ನನಗೆ ಅಜ್ಜಿಯ ಬಗ್ಗೆ ನಾಚಿಕೆಯಾಯಿತು. ಬಿ.ಎ. ಮುಗಿಸಿದೆ. ಬಿ.ಎ. ಹುಡುಗಿಗೆ ಎಂ.ಎ. ಗಂಡು ಬೇಕಲ್ಲ! ಅಪ್ಪ ಇದ್ದ ಎರಡು ಎಕರೆಯಲ್ಲಿ ಒಂದನ್ನು ಮಾರಿದರು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹಸೆಮಣೆಯ ಮೇಲೆ ಕೂತಾಗ ನೆನಪಾಗಲಿಲ್ಲ.

ತಂಗಿಯ ಮದುವೆಯೂ ಹಾಗೆಯೇ ಆಯಿತು. ಬಾಕಿ ಹಣ ತರಲಿಲ್ಲವೆಂದು ಗಂಡ ಹೊಡೆಯುತ್ತಿದ್ದ. ಅವಳ ಕಾಗದ ಬಂದಾಗ ನಾನು ತವರಿನಲ್ಲಿದ್ದೆ. ಓದಿದವಳು ನಾನು, ಏನು ಉತ್ತರ ಬರೆದೆ ಗೊತ್ತೇ? 'ಸ್ವಲ್ಪ ಹೊಂದಿಕೊಂಡು ಹೋಗು, ಮನೆಯ ಮರ್ಯಾದೆ.' ಅದನ್ನು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಮಾತಾಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೊರಟಳು. ಆ ಮನೆಯ ಜಗುಲಿಯ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ, "ನಮ್ಮ ಹುಡುಗಿ ಮೈಮೇಲೆ ಬಾಸುಂಡೆ ಯಾಕೆ ಬಂತು, ಹೇಳ್ರಪ್ಪ" ಎಂದಳಂತೆ. ಸಂಜೆಗೆ ತಂಗಿ ನಮ್ಮ ಮನೆಯಲ್ಲಿದ್ದಳು. ನನ್ನ ಕಾಗದ ಇನ್ನೂ ಅಂಚೆಯಲ್ಲಿತ್ತು.

ಅಜ್ಜಿಗೆ ಅದು ದೊಡ್ಡ ವಿಷಯವಲ್ಲ. ಅವಳ ಕಾಲಕ್ಕೆ ಬಾಳಲಾರದ ಹೆಣ್ಣು ತವರಿಗೆ ಬರುತ್ತಿದ್ದಳು, ಬೇಕಾದರೆ ಕೂಡಿಕೆ ಆಗುತ್ತಿದ್ದಳು.

ತೆರವನ್ನೇ ಮತ್ತೆ ತನ್ನಿ ಎನ್ನುತ್ತಿಲ್ಲ. ಹೆಣ್ಣು ಬಿಟ್ಟು ಬಂದರೆ ತೆರದ ಹಣ ವಾಪಸು ಕೇಳುತ್ತಿದ್ದರು. ಪಂಚಾಯ್ತಿ ಕಟ್ಟೆಯ ಮೇಲೆ ಕೂರುತ್ತಿದ್ದವರೂ ಗಂಡಸರೇ. ಅದು ಬೇಡ. ಮೂವರು ಹೆಂಗಸರು ಬಸ್ಸು ಹತ್ತಿದರಲ್ಲ, ಅದು ಬೇಕು.

ಈಗ ಕಾನೂನು. 1983ರಲ್ಲಿ 498-ಎ ಬಂತು. ಹಿಂಸೆ ಕೊಟ್ಟ ಗಂಡನಿಗೂ ಅವನ ಕಡೆಯವರಿಗೂ ಮೂರು ವರ್ಷದವರೆಗೆ ಜೈಲು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕೂ ಇದೆ. ಸಹಾಯವಾಣಿ 181. ಅರ್ಜಿ ಬರೆದುಕೊಡಲು ನಾನಿದ್ದೇನೆ. ಅರ್ಜಿ ಹಿಡಿದವಳ ಜೊತೆ ಠಾಣೆಗೆ ಹೋಗಲು ಪ್ರತಿ ಸಂಘದಿಂದ ಇಬ್ಬಿಬ್ಬರು ಈಗಲೇ ಹೆಸರು ಕೊಡಿ.