ನಾಲ್ಕು ಸೆಕೆಂಡು ಮರೆಯಾದ ನಕ್ಷತ್ರ



ಮೈಸೂರಿನ ಯಾದವಗಿರಿಯಲ್ಲಿ ನಿಮ್ಮ ಮನೆ ಇದೆ ಎಂದುಕೊಳ್ಳಿ. ರಾತ್ರಿ ಮಾಳಿಗೆಯ ಮೇಲೆ ನಿಂತು, ಪುಟ್ಟ ದೂರದರ್ಶಕದಲ್ಲಿ ನೆತ್ತಿಯ ಮೇಲಿನ ಒಂದು ನಕ್ಷತ್ರವನ್ನು ನೋಡುತ್ತಿದ್ದೀರಿ. ಮೋಡವಿಲ್ಲ. ಇದ್ದಕ್ಕಿದ್ದಂತೆ ನಕ್ಷತ್ರ ಆರಿಹೋಗುತ್ತದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಷ್ಟರಲ್ಲಿ ಮತ್ತೆ ಅಲ್ಲೇ ಮಿನುಗುತ್ತದೆ. ಏನಾಯಿತು?

ಮಂಗಳ ಮತ್ತು ಗುರುಗ್ರಹಗಳ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಸುತ್ತುತ್ತಿವೆ. ಅವುಗಳಲ್ಲೊಂದು ನಿಮಗೂ ನಕ್ಷತ್ರಕ್ಕೂ ನಡುವೆ ಹಾದುಹೋಯಿತು. ಇದಕ್ಕೆ ನಕ್ಷತ್ರದ ಆಚ್ಛಾದನೆ ಎಂದು ಹೆಸರು. ಒಂದು ಬಗೆಯ ಕಿರುಗ್ರಹಣವೆನ್ನಿ.

ಬಹುಪಾಲು ಕ್ಷುದ್ರಗ್ರಹಗಳು ದೊಡ್ಡ ದೂರದರ್ಶಕದಲ್ಲೂ ಬರಿಯ ಚುಕ್ಕೆಗಳಾಗಿ ಕಾಣುತ್ತವೆ. ಹಾಗಾದರೆ ಅವುಗಳ ಗಾತ್ರವನ್ನು ಅಳೆಯುವುದು ಹೇಗೆ? ನೆರಳನ್ನು ಅಳೆದರಾಯಿತು. ನಕ್ಷತ್ರ ಬಹುದೂರದಲ್ಲಿರುವುದರಿಂದ ಅದರ ಕಿರಣಗಳು ಸಮಾನಾಂತರವಾಗಿ ಬರುತ್ತವೆ. ಆದ್ದರಿಂದ ನೆರಳಿನ ಅಗಲವೂ ಕ್ಷುದ್ರಗ್ರಹದ ಅಗಲವೂ ಹೆಚ್ಚುಕಡಿಮೆ ಒಂದೇ.

ಒಂದು ಲೆಕ್ಕ ಮಾಡೋಣ. ನೆರಳು ಪೂರ್ವದಿಂದ ಪಶ್ಚಿಮಕ್ಕೆ ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎನ್ನಿ. ಯಾದವಗಿರಿಯಲ್ಲಿ ನಕ್ಷತ್ರ 4 ಸೆಕೆಂಡು ಮರೆಯಾದರೆ, ಅಲ್ಲಿ ನೆರಳಿನ ಉದ್ದ 40 ಕಿ.ಮೀ. ದಕ್ಷಿಣದ ನಂಜನಗೂಡಿನಲ್ಲಿರುವ ನಿಮ್ಮ ಗೆಳತಿಗೆ 3 ಸೆಕೆಂಡು ಮರೆಯಾದರೆ, ಅಲ್ಲಿ 30 ಕಿ.ಮೀ. ಇವೆರಡೂ ಕ್ಷುದ್ರಗ್ರಹದ ಆಕಾರಕ್ಕೆ ಅಡ್ಡಲಾಗಿ ಎಳೆದ ಎರಡು ಗೆರೆಗಳು. ಉತ್ತರದ ಪಾಂಡವಪುರದಲ್ಲಿ ಕಾದು ಕುಳಿತ ಗೆಳೆಯನಿಗೆ ನಕ್ಷತ್ರ ಮರೆಯಾಗಲೇ ಇಲ್ಲ. ಅವನ ಶ್ರಮ ವ್ಯರ್ಥವಾಯಿತೆ? ಖಂಡಿತ ಇಲ್ಲ. ನೆರಳು ಪಾಂಡವಪುರವನ್ನು ಮುಟ್ಟಲಿಲ್ಲ ಎಂದು ತಿಳಿದದ್ದು ಅವನಿಂದಲೇ. ಅವನಿಲ್ಲದಿದ್ದರೆ ಉತ್ತರದ ಅಂಚು ಎಲ್ಲಿಯವರೆಗೆ ಇರಬಹುದೆಂದು ಹೇಳುವುದು ಕಷ್ಟವಾಗುತ್ತಿತ್ತು.

ಒಬ್ಬರ ನೋಟ ಸಾಲದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ನಿದರ್ಶನವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಕವಲೂರಿನಲ್ಲಿ ವೀಕ್ಷಣಾಲಯವಿದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅಲ್ಲಿಂದ ಅದನ್ನು ವೀಕ್ಷಿಸಿದರು. ಗ್ರಹದಿಂದ ದೂರದಲ್ಲಿದ್ದಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿತು. ಯುರೇನಸ್ಸಿಗೆ ಹೊಸ ಉಪಗ್ರಹವಿರಬೇಕೆಂದು ಅವರು ಮೊದಲು ಊಹಿಸಿದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನವೊಂದರಿಂದ ಅಮೆರಿಕದ ತಂಡವೂ, ಆಸ್ಟ್ರೇಲಿಯಾದ ಪರ್ತ್‌ನಿಂದ ಇನ್ನೊಂದು ತಂಡವೂ ನೋಡಿದ್ದವು. ಎಲ್ಲರ ದಾಖಲೆಗಳನ್ನು ಹೋಲಿಸಿದಾಗ ಯುರೇನಸ್ಸಿನ ಸುತ್ತ ಉಂಗುರಗಳಿರುವುದು ಖಚಿತವಾಯಿತು.

ಅವರು ವೃತ್ತಿಪರ ವಿಜ್ಞಾನಿಗಳು. ಆದರೆ ಕ್ಷುದ್ರಗ್ರಹಗಳ ಕೆಲಸದಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. 1983ರ ಮೇ 29ರಂದು 500 ಕಿ.ಮೀ.ಗೂ ಮಿಕ್ಕ ಅಗಲದ ಪಲ್ಲಾಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಅದನ್ನು ದಾಖಲಿಸಿದರು. ಅವರಲ್ಲಿ ಹವ್ಯಾಸಿಗಳೇ ಬಹಳ. ನೆರಳು ಎಲ್ಲಿ ಬೀಳುವುದೋ ಅಲ್ಲಿ ವೀಕ್ಷಣಾಲಯ ಇರಲೇಬೇಕೆಂದಿಲ್ಲವಷ್ಟೆ! ಆದರೆ ಯಾರದೋ ಮನೆಯ ಮಾಳಿಗೆ ಇರುತ್ತದೆ.

ಈಗ ಕೆಲಸ ಇನ್ನಷ್ಟು ಸುಲಭವಾಗಿದೆ. ಯುರೋಪಿನ ಗಾಯಾ ನೌಕೆ 2014ರಿಂದ 2025ರವರೆಗೆ ನಕ್ಷತ್ರಗಳ ಸ್ಥಾನಗಳನ್ನು ಬಹು ಸೂಕ್ಷ್ಮವಾಗಿ ಅಳೆಯಿತು. ಇದರಿಂದ ನೆರಳಿನ ದಾರಿಯನ್ನು ಮೊದಲೇ ಹೆಚ್ಚು ನಿಖರವಾಗಿ ಗುರುತಿಸಬಹುದಾಗಿದೆ. ನೀವು ಮಾಡಬೇಕಾದದ್ದು ಮೂರೇ ಕೆಲಸ: ನಿಂತ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ, ಗಡಿಯಾರವನ್ನು ಸರಿಪಡಿಸಿಕೊಳ್ಳಿ, ಕಂಡದ್ದನ್ನು ಕಂಡಂತೆ ಬರೆಯಿರಿ. ನಮ್ಮ ಲೆಕ್ಕದಲ್ಲಿ ಗಡಿಯಾರ ಒಂದು ಸೆಕೆಂಡು ತಪ್ಪಿದರೆ, ನೀವೆಳೆದ ಗೆರೆ 10 ಕಿ.ಮೀ. ಜರುಗಿಬಿಡುತ್ತದೆ.

ನಕ್ಷತ್ರ ಮರೆಯಾಗದಿದ್ದರೆ ಬೇಸರಪಡಬೇಡಿ. ಗೆಳೆಯರೆಲ್ಲ ಕಂಡರೆಂದು ನೀವೂ ಕಂಡೆನೆಂದು ಬರೆಯಬೇಡಿ. ಪಾಂಡವಪುರದ ಆ ಗೆಳೆಯನನ್ನು ನೆನೆದು, "ಮರೆಯಾಗಲಿಲ್ಲ" ಎಂದು ಧೈರ್ಯವಾಗಿ ಬರೆಯಿರಿ. ನಕ್ಷೆ ಪೂರ್ಣವಾಗಲು ಆ ಒಂದು ಮಾತೂ ಬೇಕು.