ಕೆಲಸದಾಕೆಯ ಸಾಲ, ಲೇಖಕರ ರೋಗನಿರ್ಣಯ



1862ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ರೋಸ್ ಎಂಬ ಮನೆಗೆಲಸದಾಕೆ ತೀರಿಕೊಂಡಳು. ಲೇಖಕ ಸಹೋದರರಾದ ಎಡ್ಮನ್ ಮತ್ತು ಜೂಲ್ ಗೊಂಕೂರ್ ಅವರ ಮನೆತನದಲ್ಲಿ 25 ವರ್ಷ ದುಡಿದವಳು. ಆಕೆ ಸತ್ತ ಮೇಲೆ ಒಂದೊಂದೇ ಸುದ್ದಿ ಹೊರಬಿತ್ತು: ಅಂಗಡಿಗಳಲ್ಲಿ ಸಾಲ, ಪ್ರಿಯಕರರು, ಕುಡಿತ, ಗುಟ್ಟಾಗಿ ಆದ ಹೆರಿಗೆ, ಯಜಮಾನರ ದುಡ್ಡಿಗೇ ಕೈಹಾಕಿದ್ದು. ಊರವರ ಸಣ್ಣಪುಟ್ಟ ಸಂಗತಿಯನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದ ಅಣ್ಣತಮ್ಮಂದಿರಿಗೆ ಸ್ವಂತ ಮನೆಯೊಳಗಿನದು ತಿಳಿದಿರಲೇ ಇಲ್ಲ! 1865ರ ‘ಜೆರ್ಮಿನಿ ಲಾಸೆರ್ತೊ’ ಕಾದಂಬರಿಗೆ ಅವಳೇ ಮೂಲ.

ಹೆಣ್ಣಿನ ಕಾಮವನ್ನು ಬರೆಯುವುದು ಆಗ ಸುಲಭವಿರಲಿಲ್ಲ. ‘ಮದಾಂ ಬೋವರಿ’ ಬರೆದ ಫ್ಲೋಬೇರ್ 1857ರಲ್ಲಿ ಕೋರ್ಟು ಹತ್ತಿ, ಖುಲಾಸೆಯಾಗಿ ಇಳಿದಿದ್ದ. ಗೊಂಕೂರರು ವೈದ್ಯಕೀಯದ ಮರೆ ಹಿಡಿದರು. ಇದು ಪ್ರೇಮವನ್ನು ಆಸ್ಪತ್ರೆಯಲ್ಲಿಟ್ಟು ಪರೀಕ್ಷಿಸುವ ಪುಸ್ತಕವೆಂದು ಮುನ್ನುಡಿಯಲ್ಲೇ ಸಾರಿಬಿಟ್ಟರು. ಹೀಗೆ ಆಸೆಗೆ ಕಾದಂಬರಿಯೊಳಗೆ ಪ್ರವೇಶವೇನೋ ಸಿಕ್ಕಿತು, ಆದರೆ ಹಿಸ್ಟೀರಿಯಾ ಎಂಬ ಕಾಯಿಲೆಯಾಗಿ.

ಅತೃಪ್ತ ಗರ್ಭಕೋಶವೇ ಆ ಕಾಯಿಲೆಯ ಬೇರು ಎಂಬುದು ಗ್ರೀಕರ ಕಾಲದಿಂದ ಬಂದ ನಂಬಿಕೆ. ಪ್ಯಾರಿಸ್ಸಿನ ವೈದ್ಯ ಪಿಯೇರ್ ಬ್ರಿಕೆ ನಾನೂರಕ್ಕೂ ಹೆಚ್ಚು ರೋಗಿಗಳನ್ನು ನೋಡಿ, 1859ರಲ್ಲೇ ಅದನ್ನು ಅಲ್ಲಗಳೆದಿದ್ದ. ತೊಂದರೆ ಇರುವುದು ಮೆದುಳಿನಲ್ಲಿ, ದುಃಖ, ಭಯ, ಗಂಡನ ಹಿಂಸೆ, ಬಡತನ ಅದನ್ನು ಕೆರಳಿಸುತ್ತವೆ ಎಂದಿದ್ದ. ಕಾದಂಬರಿಯಲ್ಲಿ ಮಾತ್ರ ಹಳೆಯ ನಂಬಿಕೆಯ ವಾಸನೆ ಹೋಗಿಲ್ಲ. ನಾಯಕಿ ಜೆರ್ಮಿನಿಯ ದೇಹದ ಹಸಿವೇ ಅವಳನ್ನು ಕೆಡಿಸಿತು ಎಂಬ ಧಾಟಿ ಅದರದು.

ಆದರೆ ಅದೇ ಪುಸ್ತಕದ ಲೆಕ್ಕಪತ್ರ ನೋಡಿ. ಹಳ್ಳಿಯಿಂದ ಬಂದ ಹುಡುಗಿ ಕೆಲಸಕ್ಕಿದ್ದ ಕೆಫೆಯಲ್ಲಿ ಮುದಿ ಮಾಣಿಯೊಬ್ಬ ಅವಳ ಮೇಲೆ ಬಲಾತ್ಕಾರ ಮಾಡುತ್ತಾನೆ. ಮುಂದೆ ಅವಳು ಹಾಲಿನಂಗಡಿಯವಳ ಮಗ ಝುಪಿಯೊಂಗೆ ಮನಸೋಲುತ್ತಾಳೆ, ಕೈಗವಸು ಹೊಲಿಯುವ ಅವನಿಗೆ ಅಂಗಡಿ ಮಾಡಿಕೊಡುತ್ತಾಳೆ. ದುಡ್ಡು ಕೊಟ್ಟು ಬದಲಿ ಆಳನ್ನು ಕಳಿಸಿದರೆ ಸೈನ್ಯದ ಸರದಿ ತಪ್ಪುತ್ತಿದ್ದ ಕಾಲ ಅದು. ಅದಕ್ಕೆ ಬೇಕಾದ 2,300 ಫ್ರಾಂಕನ್ನು ಅವನಿಗಾಗಿ ಕಂಡಕಂಡವರ ಹತ್ತಿರ ಸಾಲ ಎತ್ತುತ್ತಾಳೆ. ಕೆಲಸದಾಕೆಯ ಸಂಬಳದಲ್ಲಿ ಅದು ಜನ್ಮವಿಡೀ ತೀರದ ಸಾಲ. ನನಗೆ ಕಾಣುವಂತೆ, ಅವಳನ್ನು ಕುಸಿಯುವಂತೆ ಮಾಡಿದ್ದು ಇದು. ಲೇಖಕರು ಪ್ರಾಮಾಣಿಕವಾಗಿ ಬರೆದಿಟ್ಟ ವಿವರಗಳು ಅವರ ರೋಗನಿರ್ಣಯವನ್ನೇ ಸುಳ್ಳುಮಾಡುತ್ತವೆ. ಅವಳ ದುಡ್ಡು ತಿಂದವನಿಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ!

ಈ ಕಾದಂಬರಿಯನ್ನು ಮನಸಾರೆ ಹೊಗಳಿದ ತರುಣ ಲೇಖಕ ಜೋಲಾ, 1867ರಲ್ಲಿ ‘ತೆರೇಸ್ ರಾಕಾಂ’ ಬರೆದ. ಅಲ್ಲಿ ಗಂಡಸಿಗೂ ಪರೀಕ್ಷೆ ಉಂಟು. ತೆರೇಸಳ ಗಂಡನನ್ನು ಕೊಂದ ಮೇಲೆ ಪ್ರಿಯಕರ ಲೊರಾಂನ ನರಗಳು ಕೆಡುತ್ತವೆ. ಅವನ ಆ ಅವಸ್ಥೆಯನ್ನು ಬಣ್ಣಿಸಹೊರಟ ಜೋಲಾ ಮೊರೆಹೋಗುವುದು ಮತ್ತೆ ಹೆಂಗಸಿನ ನರಗಳ ಹೋಲಿಕೆಗೇ.