ಕಿಲ್ಮಾರ್ನಾಕಿನ ಅಂಗಡಿ

ಜಾನಿ ವಾಕರ್ ಎಂಬ ಹೆಸರನ್ನು ಮದ್ಯ ಮುಟ್ಟದವರೂ ಬಲ್ಲರು. ಆ ಪಾನೀಯದ ಗುಣದೋಷಗಳ ವಿಚಾರವನ್ನು ವೈದ್ಯರಿಗೂ ನೀತಿಜ್ಞರಿಗೂ ಬಿಡೋಣ. ದಿನಸಿ ಅಂಗಡಿಯೊಂದರಲ್ಲಿ ಹುಟ್ಟಿದ ಹೆಸರು ಲೋಕವನ್ನೆಲ್ಲ ಸುತ್ತಿ, ಕಡೆಗೆ ಹುಟ್ಟಿದೂರನ್ನೇ ತೊರೆದುದು ಹೇಗೆಂಬುದಷ್ಟೇ ನಾವು ಹೇಳಹೊರಟಿರುವ ವಿಷಯ.

ಜಾನ್ ವಾಕರ್ 1805ರಲ್ಲಿ ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ರೈತಕುಟುಂಬದಲ್ಲಿ ಜನಿಸಿದನು. 1819ರಲ್ಲಿ ತಂದೆ ತೀರಿಕೊಂಡನು. ಬೇಸಾಯದ ಸೊತ್ತನ್ನು ಮಾರಿ ಬಂದ 417 ಪೌಂಡುಗಳ ಬಲದಿಂದ, ಮರುವರ್ಷವೇ ಕಿಲ್ಮಾರ್ನಾಕ್ ಪಟ್ಟಣದಲ್ಲಿ ಆ ಹುಡುಗನಿಗೊಂದು ಅಂಗಡಿ ಏರ್ಪಟ್ಟಿತು.

ಮೊಳಕೆ ಬಾರ್ಲಿಯಿಂದ ತಾಮ್ರದ ಪಾತ್ರೆಗಳಲ್ಲಿ ಇಳಿಸುತ್ತಿದ್ದ ಅಂದಿನ ವಿಸ್ಕಿಗೆ ಭಟ್ಟಿಗೊಂದು ರುಚಿ. ಒಂದೇ ಭಟ್ಟಿಯದೂ ಈ ಸಲ ಇದ್ದಂತೆ ಮುಂದಿನ ಸಲ ಇರುತ್ತಿರಲಿಲ್ಲ. ಗಿರಾಕಿಯು ಕೇಳುತ್ತಿದ್ದುದಾದರೋ ಹಿಂದಿನ ರುಚಿಯನ್ನೇ. ಚಹದ ಸೊಪ್ಪುಗಳನ್ನು ಹದವರಿತು ಬೆರೆಸುವುದು ದಿನಸಿ ವರ್ತಕರ ವಿದ್ಯೆ. ಅದೇ ವಿದ್ಯೆ ವಿಸ್ಕಿಗೂ ದಾಟಿತು. ಕಾಫಿಪುಡಿಯ ಅಂಗಡಿಯಲ್ಲಿ ಬೀಜದ ಬಗೆಗಳನ್ನು ಬೆರೆಸುವುದನ್ನು ಕಂಡಿರುವ ಶ್ರೋತೃಗಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಜಾನನು 1857ರಲ್ಲಿ ಕಾಲವಾದನು. ಅವನ ಮಗ ಅಲೆಗ್ಸಾಂಡರನಿಗೆ ಎರಡು ಅನುಕೂಲಗಳು ಒದಗಿದವು. ಸುಂಕದ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ 1830ರಲ್ಲಿ ಹಕ್ಕು ಪಡೆದ ಯಂತ್ರವು, ಎಡೆಬಿಡದೆ ನಡೆಯುತ್ತ, ಇತರ ಧಾನ್ಯಗಳಿಂದಲೂ ಹಗುರವಾದ ಮದ್ಯವನ್ನು ಅಗ್ಗವಾಗಿ ಇಳಿಸುತ್ತಿತ್ತು. 1860ರ ಶಾಸನವು, ಸುಂಕ ತೆರುವುದಕ್ಕೆ ಮೊದಲೇ ಅದನ್ನು ಬಾರ್ಲಿಯ ವಿಸ್ಕಿಯೊಡನೆ ಉಗ್ರಾಣದಲ್ಲಿ ಬೆರೆಸಲು ಅವಕಾಶವಿತ್ತಿತು. ಮಗನು ತಂದೆಗಿಂತ ದೊಡ್ಡ ವ್ಯಾಪಾರಿ. ಚೌಕನೆಯ ಸೀಸೆಗಳು ಪೆಟ್ಟಿಗೆಯಲ್ಲಿ ಒತ್ತಾಗಿ ಕೂತು ಕಡಮೆ ಒಡೆಯುತ್ತಿದ್ದವು. ಓರೆಯಾಗಿ ಅಂಟಿಸಿದ ಚೀಟಿಯಲ್ಲಿ ಅಕ್ಷರಗಳು ದಪ್ಪವಾಗಿ ಹಿಡಿಸುತ್ತಿದ್ದವು. ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಹುಳು ಬಿದ್ದು ಬ್ರಾಂದಿ ದುರ್ಲಭವಾದುದೂ ಸ್ಕಾಟಿಷ್ ವರ್ತಕರಿಗೆ ಲಾಭವಾಯಿತು.

ಇಂತಹ ಬೆರಕೆಗೆ ವಿಸ್ಕಿಯೆಂಬ ಹೆಸರು ಸಲ್ಲುವುದೆ? 1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ಈ ವ್ಯಾಜ್ಯ ನ್ಯಾಯಾಲಯವನ್ನೇರಿತು. ಸಲ್ಲುವುದೆಂದು 1909ರಲ್ಲಿ ರಾಜನಿಯೋಗವು ತೀರ್ಮಾನಿಸಿತು. ಅದೇ ವರ್ಷ ವಾಕರ್ ಮನೆತನದವರ ಸರಕಿಗೆ ಕೆಂಪು ಚೀಟಿ, ಕಪ್ಪು ಚೀಟಿ ಎಂಬ ಹೆಸರುಗಳು ಬಂದವು. ದಾಪುಗಾಲಿಡುವ ಪುರುಷನನ್ನು ಟಾಮ್ ಬ್ರೌನ್ ಎಂಬ ಚಿತ್ರಗಾರನು ಹಿಂದಿನ ವರ್ಷವೇ ಬರೆದುಕೊಟ್ಟಿದ್ದನು.

ಒಂದೇ ಭಟ್ಟಿಯ ವಿಸ್ಕಿಯು ತನ್ನ ನೆಲಕ್ಕೆ ಕಟ್ಟುಬಿದ್ದದ್ದು. ಬೆರಕೆಯ ವಿಸ್ಕಿಗೆ ಆ ಕಟ್ಟಿಲ್ಲ. ಲೋಕವನ್ನು ಗೆಲ್ಲಲು ನೆರವಾದ ಗುಣವೇ ಊರನ್ನು ಬಿಡುವುದನ್ನೂ ಸುಲಭವಾಗಿಸಿತೆಂದು ನಮಗೆ ತೋರುತ್ತದೆ. ಸಂಸ್ಥೆಯು 1925ರಲ್ಲಿ ಡಿಸ್ಟಿಲರ್ಸ್ ಕಂಪೆನಿಯಲ್ಲಿ ಸೇರಿತು. 1986ರಲ್ಲಿ ಗಿನ್ನೆಸ್ಸಿನ ವಶವಾಗಿ, 1997ರಲ್ಲಿ ಡಿಯಾಜಿಯೋಗೆ ಸಂದಿತು. ಕಿಲ್ಮಾರ್ನಾಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2009ರಲ್ಲಿ ಪ್ರಕಟವಾದಾಗ ಸಾವಿರಾರು ಜನ ಬೀದಿಗಿಳಿದು ಮೆರವಣಿಗೆ ನಡೆಸಿದರು. ಅವರು ಬೇಡಿದ್ದು ಕೂಲಿಯನ್ನು ಮಾತ್ರವೆನ್ನಲಾಗದು. ಹೆಸರು ತಮ್ಮದೆಂಬ ಅಭಿಮಾನವೂ ಅದರಲ್ಲಿತ್ತು. ಆದರೂ 2012ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆಯಿದ್ದ ನಿವೇಶನದಲ್ಲಿ 2016ರಲ್ಲಿ ಕಾಲೇಜೊಂದು ತೆರೆಯಿತು.